ಹದಿನಾಲ್ಕು ಮಂದಿ ಹಿಡಿಸೋ ಲೆನ್ಸು

ಕೆಲವರ ಕೈಯಾಗ ಕ್ಯಾಮೆರಾ ಕೊಟ್ರ ಚಿತ್ರ ಬರ್ತಾವ. ನನ್ನ ಕೈಯಾಗ ಕೊಟ್ರ ಮೊದಲು ಫಜೀತಿ ಬರ್ತದ, ಚಿತ್ರ ಅದರ ಬೆನ್ನಹಿಂದ ಬರ್ತದ. ಮುಂಬೈ ಹತ್ರದ ಡೊಂಬಿವಲಿಗೆ ಬಂದು ಸಂಸಾರ ಹೂಡಿದ ಮ್ಯಾಲೆ ಇದು ಇನ್ನಷ್ಟು ಹೆಚ್ಚಾತು. ಫೋಟೋ ತಗಿಯೋರಿಗೆ ಮುಖ್ಯ ಬೇಕಾಗೋದು ಹಿಂದಕ್ಕ ಸರಿಲಿಕ್ಕೆ ಜಾಗಾ. ನಮ್ಮ ಕಡೆ ಎಲ್ಲಾ ಸಿಗ್ತದ, ಅದೊಂದು ಸಿಗೂದಿಲ್ಲ. ಮನ್ಯಾಗ ಎರಡು ಹೆಜ್ಜಿ ಹಿಂದ ಇಟ್ರ ಫ್ರಿಜ್ಜು, ಮೂರನೇದಕ್ಕ ಗ್ಯಾಲರಿ. ಲೋಕಲ್ ಗಾಡ್ಯಾಗಂತೂ ಹೆಜ್ಜಿ ಮಾತs ಇಲ್ಲ. ಇಟ್ಟ ಕಾಲು ಎತ್ತಿದ್ರ ಆ ಜಾಗಾದಾಗ ಬ್ಯಾರೆಯವರು ಕಾಲಿಟ್ಟಿರ್ತಾರ.

ಅಕ್ಕನ ಕಿವಿ

ನಾ ಹುಬ್ಬಳ್ಳ್ಯಾಕಿ. ನೌಕರಿ ಸಾನಪಾಡಾದ ಒಂದು ವಿಮಾ ಆಫೀಸಿನಾಗ. ದಿನಾ ಮುಂಜಾನೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡದು ಠಾಣೆಕ್ಕ ಹೋಗಿ, ಅಲ್ಲೆ ಗಾಡಿ ಬದಲ್ ಮಾಡೋದು. ಲೇಡೀಸ್ ಡಬ್ಬ್ಯಾಗ ನಮ್ಮದೊಂದು ಗ್ಯಾಂಗ್ ಇತ್ತು, ಒಟ್ಟು ಹದಿನಾಲ್ಕು ಮಂದಿ. ಹೆಚ್ಚಿನವರು ಮರಾಠಿ, ಇಬ್ಬರು ಗುಜರಾತಿ, ಒಬ್ಬಾಕಿ ಸಿಂಧಿ. ಕನ್ನಡದವರು ಇಬ್ಬರs: ಒಂದು ನಾನು, ಇನ್ನೊಂದು ಗ್ಯಾಂಗಿನ ಯಜಮಾಂತಿ. ಆಕಿಗೆ ಎಲ್ಲಾರೂ ಅಕ್ಕ ಅಂತಿದ್ವಿ.

ಅಕ್ಕ ಕುಂದಾಪುರದ ಕಡೆಯವರು. ಠಾಣೆದಾಗ ಸರಕಾರಿ ನೌಕರಿ. ಕಲ್ಯಾಣದಾಗ ಹತ್ತಿ ಬೆಂಚು ಹಿಡಿಯೋರು ಅವರು. ದಿವಾ ಸ್ಟೇಶನ್ ಬರೋತನಕ ಯಾರು ಕೂಡಬೇಕು, ದಿವಾ ದಾಟಿದ ಮ್ಯಾಲೆ ಎದ್ದು ಯಾರಿಗೆ ಬಿಡಬೇಕು, ಯಾರ ಮೊಣಕಾಲು ನೋವು ಖರೆ, ಯಾರದು ಸುಳ್ಳು, ಎಲ್ಲಾ ಅಕ್ಕನ ಕಾಯಿದೆ ಪ್ರಕಾರ ನಡೀತಿತ್ತು. ಆ ಕಾಯಿದೆಕ್ಕ ಅಪೀಲು ಇದ್ದಿದ್ದಿಲ್ಲ.

ಇಂಥಾ ಅಕ್ಕ ಮುಂದಿನ ಮಾರ್ಚಿಗೆ ರಿಟೈರ್ ಆಗ್ತೀನಿ ಅಂದ್ರು. ನಾವು ಸೆಂಡಾಫಿಗೆ ಏನು ಕೊಡೋಣು ಅಂತ ಪಿಸಿಪಿಸಿ ಸುರು ಮಾಡೋದ್ರಾಗ ಅವರs ಹೇಳಿಬಿಟ್ರು.

"ಶಾಲು ಬೇಡ. ಗೋಡೆ ಗಡಿಯಾರ ಬೇಡವೇ ಬೇಡ, ನಮ್ಮ ಮನೆಯಲ್ಲಿ ಗೋಡೆಗಿಂತ ಗಡಿಯಾರ ಜಾಸ್ತಿ ಉಂಟು. ಈ ಡಬ್ಬದಲ್ಲಿ ನಾವು ಹದಿನಾಲ್ಕು ಜನವೂ ಇರುವ ಒಂದು ಫೋಟೋ ಕೊಡಿ. ತೆಗೆಯುವವಳೂ ಅದರಲ್ಲಿ ಇರಬೇಕು, ಆಯ್ತಾ."

"ಅಷ್ಟs ಅಲ್ಲೇನ್ರಿ ಅಕ್ಕಾ, ಪ್ಲಾಟ್‌ಫಾರ್ಮ್ ಮ್ಯಾಲೆ ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿ ತಗದುಬಿಡ್ತೀನಿ," ಅಂದೆ.

"ಇಪ್ಪತ್ತೆಂಟು ವರ್ಷ ನಾನೆಂತ ಪ್ಲಾಟ್‌ಫಾರ್ಮಿನಲ್ಲಿ ಕಳೆದದ್ದಾ? ಡಬ್ಬದಲ್ಲೇ ಬೇಕು, ರಶ್ಶಿನಲ್ಲೇ ಬೇಕು. ನಾನು ಇಲ್ಲಿ ಹದಿನಾಲ್ಕು ಜನರ ಸಂಸಾರ ಮಾಡಿದ್ದೇನೆ ಅಂದ್ರೆ ನನ್ನ ಮೊಮ್ಮಗಳು ನಂಬುದಿಲ್ಲ. ಅಜ್ಜಿ ಟ್ರೇನಿನಲ್ಲಿ ನಿದ್ದೆ ಮಾಡ್ಲಿಕ್ಕೆ ಹೋಗುದು ಅಂತ ಮಗ ಅವಳಿಗೆ ಹೇಳಿಕೊಟ್ಟಿದ್ದಾನೆ."

ನಕ್ಕೋತನ ಹೇಳಿದ್ರು. ಆದ್ರ ಅದು ನಗೂ ಮಾತಲ್ಲ ಅಂತ ನನಗ ಅನಿಸ್ತು. ಈ ಫೋಟೋ ತಗದs ಕೊಡಬೇಕು ಅಂತ ಅವತ್ತs ಹಟ ತೊಟ್ಟೆ.

ಮರುದಿನ ನಮ್ಮ ಮನಿಯವರ ದೊಡ್ಡ ಕ್ಯಾಮೆರಾ ಒಯ್ದೆ. ಅದರ ಝೂಮ್ ಲೆನ್ಸು ಒಂದು ಮೊಳ ಉದ್ದ. ಚೀಲದಿಂದ ತಗದು ಮ್ಯಾಲೆ ಎತ್ತೋದ್ರಾಗ ಒಬ್ಬಾಕಿ ಹೆರಳು ಸಿಕ್ಕೊಂತು, ಇನ್ನೊಬ್ಬಾಕಿ ಬೆನ್ನಿಗೆ ತಿವೀತು, ಮೂರನೇದಾಕಿ ಮರಾಠಿಯೊಳಗ ನನ್ನ ತವರುಮನಿ ವಿಚಾರಿಸಿದ್ಲು. ಕಡೀಕ ಹೆಂಗೋ ಒತ್ತಿದೆ. ನೋಡಿದ್ರ ಚಿತ್ರದ ತುಂಬ ಅಕ್ಕನ ಬಲಗಿವಿ. ಝುಮಕಿ ಸಮೇತ, ಭಾಳ ಸ್ಪಷ್ಟ ಬಂದಿತ್ತು.

ಅಕ್ಕ ಕನ್ನಡಕ ಏರಿಸಿ ನೋಡಿದ್ರು. "ಚಂದ ಬಂದಿದೆ ಮಾರಾಯ್ತಿ. ಇನ್ನು ಹದಿಮೂರು ಜನರ ಕಿವಿ ತೆಗೆ. ನಾನೇ ಮನೆಯಲ್ಲಿ ಸಾಲಾಗಿ ಅಂಟಿಸಿಕೊಳ್ತೇನೆ."

ಉಪ್ಪಿನಕಾಯಿ ಡಬ್ಬಿ ಮುಚ್ಚಳ

ಆಫೀಸಿನಾಗ ಒಬ್ಬರಿಗೆ ಫೋಟೋದ ಹುಚ್ಚು. ಅವರನ್ನ ಕೇಳಿದೆ. "ನಿಮಗ ಬೇಕಾಗಿದ್ದು ದೂರದ್ದು ಹತ್ರ ತರೋ ಲೆನ್ಸಲ್ಲ, ಹತ್ರದಾಗಿದ್ದದ್ದೆಲ್ಲಾ ಹಿಡಿಸೋ ಲೆನ್ಸು. ವೈಡ್ ಆಂಗಲ್ ತಗೊಳ್ರಿ. ಕ್ಯಾಮೆರಾನೂ ಮಿರರ್‌ಲೆಸ್ ತಗೊಳ್ರಿ, ಒಳಗ ಕನ್ನಡಿ ಇರೋದಿಲ್ಲ, ಅದಕ್ಕ ಸಣ್ಣದಿರ್ತದ," ಅಂದ್ರು.

ಉಲ್ಹಾಸನಗರದ ಒಂದು ಗಲ್ಲ್ಯಾಗ ಹಳೇ ಕ್ಯಾಮೆರಾ ಮಾರೋ ಅಂಗಡಿ ಹುಡುಕಿ ಹೋದೆ. ಅಂಗಡಿಯಂವ ಪಾಪ ಪ್ರಾಮಾಣಿಕ. "ಮ್ಯಾಡಮ್, ಇಸ್ಮೇ ಝೂಮ್ ನಹೀ ಹೈ. ಆಗೇ ಪೀಛೇ ಖುದ್ ಜಾನಾ ಪಡೇಗಾ," ಅಂದ, ಮುಂದ ಹಿಂದ ನಾವs ಸರೀಬೇಕಂತ. ಹಿಂದ ಹೋಗಬಾರದು ಅಂತನ ತಗೋಳಿಕ್ಕತ್ತೀನಿ, ನೀ ಕಟ್ಟಿಕೊಡು ಅಂದೆ.

ಮನ್ಯಾಗ ಟೇಬಲ್ ಮ್ಯಾಲೆ ಇಟ್ಟೆ. ಲೆನ್ಸು ಎರಡು ಬಟ್ಟು ದಪ್ಪ ಇತ್ತು, ಅಷ್ಟs. ಮನಿಯವರು ಹೊರಳಿಸಿ ಹೊರಳಿಸಿ ನೋಡಿ, "ಇದು ಲೆನ್ಸೋ, ಉಪ್ಪಿನಕಾಯಿ ಡಬ್ಬಿ ಮುಚ್ಚಳೋ?" ಅಂದ್ರು. ಅತ್ತಿಯವರಿಗೆ ಒಳಗ ಕನ್ನಡಿ ಇಲ್ಲದ ಕ್ಯಾಮೆರಾ ಅಂತ ವಿವರಿಸಿ ಹೇಳಿದೆ. "ಕನ್ನಡಿ ಇಲ್ಲಂದ ಮ್ಯಾಲೆ ಮಾರಿ ಹೆಂಗ ಕಾಣ್ತಾವ? ಅಂಗಡಿಯಂವ ನಿನಗ ಮೋಸ ಮಾಡ್ಯಾನ, ಹೋಗಿ ಕನ್ನಡಿ ಹಾಕಿಸ್ಕೊಂಡು ಬಾ," ಅಂದ್ರು ಅವರು.

ಮನಿಯವರು ನನ್ನ ಹಟ ಕೇಳಿ ಶರತ್ತು ಕಟ್ಟಿದ್ರು. "ಈ ಮುಚ್ಚಳದಾಗ ಹದಿನಾಲ್ಕು ಮಂದಿ ಬಂದ ದಿನ ನನ್ನ ಝೂಮನ್ನ ಅಟ್ಟದ ಮ್ಯಾಲೆ ಇಡ್ತೀನಿ. ಬರಲಿಲ್ಲಂದ್ರ ಮುಚ್ಚಳ ಅಟ್ಟಕ್ಕ." ಆಗಲಿ ಅಂದೆ.

ಮೊದಲ ಕುಸ್ತಿ ನಮ್ಮ ಮನ್ಯಾಗನ ಆತು. ಶ್ರಾವಣದಾಗ ಸತ್ಯನಾರಾಯಣ ಪೂಜಾ, ಹಾಲಿನಾಗ ಇಪ್ಪತ್ತು ಮಂದಿ. ಆರತಿ ಹೊತ್ತಿಗೆ ಮನಿಯವರು ತಮ್ಮ ದೊಡ್ಡ ಕ್ಯಾಮೆರಾ ಕಣ್ಣಿಗೆ ಹಚ್ಚಿ ಹಿಂದ ಸರೀಲಿಕ್ಕೆ ಸುರು ಮಾಡಿದ್ರು. ಒಂದು ಹೆಜ್ಜಿಗೆ ಬರೇ ಭಟ್ಟರು ಕಂಡ್ರು. ಎರಡನೇದಕ್ಕ ಭಟ್ಟರು ಮತ್ತ ಬಾಳಿಕಂಬ. ಬಾಗಿಲಾ ತಗದಿತ್ತು, ಹೊಸ್ತಿಲಾ ದಾಟಿದ್ರು. ಎದುರಿನ ಜೋಶಿಬಾಯಿ ಮನಿ ಬಾಗಿಲಾನೂ ತಗದಿತ್ತು. ಕಣ್ಣು ಕ್ಯಾಮೆರಾದಾಗ ಇದ್ದಿದ್ರಿಂದ ಅದನ್ನೂ ದಾಟಿದ್ರು. ಹಂಗs ಹಿಂದ ಹಿಂದ ಹೋಗಿ ಅವರ ಸೋಫಾದ ಮ್ಯಾಲೆ ಕೂತುಬಿಟ್ರು. ಜೋಶಿಬಾಯಿ ಮನಿಗೆ ಬಂದವರನ್ನ ಬರಿಗೈಲೆ ಕಳಸೋ ಪೈಕಿ ಅಲ್ಲ, ಕೈಯಾಗ ಅವಲಕ್ಕಿ ಪೋಹೆ ತಾಟು ಕೊಟ್ರು.

ನಾ ಇತ್ತ ನಿಂತಲ್ಲೆ ನಿಂತು, ಕೈ ಎತ್ತಿ, ಒಮ್ಮೆ ಒತ್ತಿದೆ. ದೇವರು, ಭಟ್ಟರು, ಇಪ್ಪತ್ತು ಮಂದಿ, ಮ್ಯಾಲಿನ ಫ್ಯಾನು, ಎಲ್ಲಾ ಬಂತು. ಮನಿಯವರ ಚಿತ್ರದಾಗ ಎರಡು ಬಾಗಿಲ ಚೌಕಟ್ಟು, ನಡುವ ಜೋಶಿಯವರ ಚಪ್ಪಲ್ ಸ್ಟ್ಯಾಂಡು, ದೂರದಾಗ ಮಿಣುಕ್ ಅನ್ನೋ ಒಂದು ಆರತಿ. ಅವರು ಮನಿಗೆ ಬರೋದ್ರಾಗ ಪ್ರಸಾದ ಖಾಲಿ ಆಗಿತ್ತು. "ಇಪ್ಪತ್ತು ಮಂದಿ ಬಂದ್ರಲ್ಲ, ಝೂಮ್ ಅಟ್ಟಕ್ಕ ಏರಸ್ರಿ," ಅಂದೆ. "ಶರತ್ತು ಗಾಡಿ ಒಳಗಿಂದು," ಅಂತ ಬಾಯಿ ಒರಸ್ಕೊಂಡ್ರು.

ಆರು ಕಿಲೋ

ಆ ಪೂಜಾದ ಫೋಟೋದಾಗ ಒಂದು ಅನಾಹುತ ಆಗಿತ್ತು. ವೈಡ್ ಲೆನ್ಸಿಗೆ ಒಂದು ಸ್ವಭಾವ ಅದ. ನಡುವ ನಿಂತೋರನ್ನ ಇದ್ದಂಗ ತೋರಸ್ತದ, ಅಂಚಿಗೆ ನಿಂತೋರನ್ನ ಹಿಡದು ಜಗ್ಗಿ ಅಗಲ ಮಾಡ್ತದ. ಇದು ನನಗ ಆವಾಗ ಗೊತ್ತಿದ್ದಿಲ್ಲ. ಅಂಚಿಗೆ ನಿಂತಾಕಿ ನಮ್ಮ ನಾದಿನಿ, ಠಾಣೆದ ಮಾಜಿವಾಡಾದಿಂದ ಹೊಸಾ ಇಳಕಲ್ ಸೀರಿ ಉಟಗೊಂಡು ಬಂದಾಕಿ. ಫೋಟೋದಾಗ ಆಕಿ ತೋಳು ಭಟ್ಟರ ತೊಡಿ ಅಷ್ಟಾಗಿತ್ತು.

ಫೋಟೋ ನೋಡಿದಾಕಿ ನನ್ನ ಜೋಡಿ ಮಾತs ಬಿಟ್ಲು. ಫೋನ್ ಮಾಡಿದ್ರ ತನ್ನ ಗಂಡನ ಕೈಯಾಗ ಕೊಡ್ತಿದ್ಲು. ಅತ್ತಿಯವರು ನನ್ನ ಮ್ಯಾಲೆ ಸಿಟ್ಟು. "ನನ್ನ ಮಗಳು ಅಷ್ಟು ದಪ್ಪ ಇಲ್ಲ, ನಿನ್ನ ಕ್ಯಾಮೆರಾದ ಕಣ್ಣು ಕೆಟ್ಟದ್ದು," ಅಂತ ದಿನಾ ಒಂದು ಸಲ ಅಂತಿದ್ರು. ನಾ ಏನು ಹೇಳಿದ್ರೂ ಗಾಯದ ಮ್ಯಾಲೆ ಉಪ್ಪು ಅಂತ ಸುಮ್ಮನಿದ್ದೆ.

ಎರಡು ತಿಂಗಳು ಬಿಟ್ಟು ನವರಾತ್ರಿಗೆ ಬಂದ್ಲು. ಬಾಗಿಲಾಗ ನಿಂತಾಕೀನ ನಾ ಗುರುತs ಹಿಡೀಲಿಲ್ಲ. ದಿನಾ ಮುಂಜಾನೆ ಸೊಸೈಟಿ ಸುತ್ತ ಹದಿನೈದು ಸುತ್ತು ಹಾಕಿ, ರಾತ್ರಿ ಊಟ ಬಿಟ್ಟು, ಆರು ಕಿಲೋ ಇಳಿಸಿದ್ಲು. ಚಪ್ಪಲಿ ಬಿಡೋಕಿಂತ ಮೊದಲು, "ತಗಿ ಈಗ ಫೋಟೋ," ಅಂದ್ಲು. ಅಷ್ಟರಾಗ ನಾನೂ ಬುದ್ಧಿ ಕಲ್ತಿದ್ದೆ. ಆಕೀನ ಬರೋಬ್ಬರಿ ನಡುವ ನಿಲ್ಲಿಸಿ ಒತ್ತಿದೆ.

ಫೋಟೋ ನೋಡಿ ನನ್ನ ಎರಡೂ ಕೈ ಹಿಡಕೊಂಡ್ಲು. "ವೈನಿ, ಮನ್ಯಾಗ ಗಂಡ, ಅವ್ವ, ಅಣ್ಣ, ಯಾರೂ ನನಗ ಖರೆ ಹೇಳಿದ್ದಿಲ್ಲ. ನಿಮ್ಮ ಕ್ಯಾಮೆರಾ ಹೇಳ್ತು." ಅತ್ತಿಯವರು ಹಿಂದ ನಿಂತು ಕಣ್ಣು ಒರಸ್ಕೊಂಡು, "ಮದಲಿಂದನೂ ನಾ ಹೇಳ್ತಿದ್ದೆ, ಆ ಕ್ಯಾಮೆರಾದ ಕಣ್ಣು ಭಾಳ ಛಲೋ ಅದ," ಅಂದ್ರು. ಲೆನ್ಸಿನ ಗುಣ ಏನು ಅಂತ ನಾ ಆಕಿಗೆ ಇವತ್ತಿನ ತನಕ ಹೇಳಿಲ್ಲ. ಇಳಿದ ಆರು ಕಿಲೋ ತಿರುಗಿ ಬಂದ್ರ ಯಾರು ಜವಾಬ್ದಾರಿ?

ದೇವಿ ಕಳಾ

ಅದs ನವರಾತ್ರಿ ಖಂಡೇನವಮಿ ದಿನ ಅತ್ತಿಯವರು ಮನ್ಯಾಗಿನ ಆಯುಧಗಳನ್ನೆಲ್ಲಾ ಕಟಗಿ ಪಾಟಿನ ಮ್ಯಾಲೆ ಇಟ್ಟು ಪೂಜಾ ಮಾಡಿದ್ರು. ಈಳಿಗಿ, ಮಿಕ್ಸರು, ಹೊಲಿಗಿ ಮಶೀನು, ಮನಿಯವರ ಲ್ಯಾಪ್‌ಟಾಪು. ನನ್ನ ಕ್ಯಾಮೆರಾದ ಮ್ಯಾಲೆ ಈಗ ಪ್ರೀತಿ ಹೆಚ್ಚಾಗಿತ್ತಲ್ಲ, ಅದಕ್ಕ ವಿಶೇಷ ಉಪಚಾರ. ಎಲ್ಲಾದಕ್ಕೂ ಹಣಿ ಎಲ್ಲದ ಅಂತ ಹುಡುಕಿ ಗಂಧ ಹಚ್ಚೋ ಪದ್ಧತಿ ಅವರದು. ಕ್ಯಾಮೆರಾದ ಹಣಿ ಅವರಿಗೆ ಲೆನ್ಸಿನ ಗಾಜಿನ ನಟ್ಟನಡುವ ಕಂಡಿತ್ತು. ಗಂಧ, ಮ್ಯಾಲೆ ಅರಿಶಿಣ, ಮ್ಯಾಲೆ ಕುಂಕುಮ. ಕುಂಕುಮ ಉದುರಬಾರದು ಅಂತ ತುಪ್ಪದಾಗ ಕಲಿಸಿದ್ರು.

ನಾ ನೋಡಿದ್ದು ಸಂಜೀಕ, ಬಿಲ್ಡಿಂಗಿನ ಹೆಣ್ಣುಮಕ್ಕಳೆಲ್ಲಾ ಅರಿಶಿಣ ಕುಂಕುಮಕ್ಕ ಬಂದು ಕೂತ ಮ್ಯಾಲೆ. ಗಡಬಡಿಸಿ ಸೆರಗಿನಲೆ ಒರಸಿದೆ. ಕುಂಕುಮ ಹೋತು, ತುಪ್ಪ ಉಳೀತು. ಬಂದದ್ದು ಬರಲಿ ಅಂತ ಹಂಗs ಫೋಟೋ ತಗದೆ.

ಮರುದಿನ ನೋಡಿದ್ರ ಒಬ್ಬೊಬ್ಬರ ಮಾರಿ ಸುತ್ತಲೂ ಬಂಗಾರದ ಬೆಳಕು. ದೀಪ ಹತ್ರ ಕೂತೋರಿಗೆ ಇನ್ನಷ್ಟು. ದಿನಾ ನೀರಿನ ಸಲುವಾಗಿ ಎಲ್ಲಾರ ಜೋಡಿ ಜಗಳಾಡೋ ಮೂರನೇ ಮಜಲಿನಾಕಿ ಸುದ್ದಾ ಆ ಫೋಟೋದಾಗ ಈಗಿನ್ನ ವರ ಕೊಡೋಹಾಂಗ ಕಂಡ್ಲು. ನಾ ಡಿಲೀಟ್ ಮಾಡಬೇಕು ಅನ್ನೋದ್ರಾಗ ಅತ್ತಿಯವರು ನೋಡಿ ಕೈ ಮುಗದ್ರು. "ದೇವಿ ಕಳಾ. ನಾ ಪೂಜಾ ಮಾಡಿದ್ದು ಮುಟ್ಟೇದ," ಅಂದ್ರು. ಸಂಜೀ ಒಳಗ ಇಡೀ ಬಿಲ್ಡಿಂಗಿಗೆ ಸುದ್ದಿ ಹಬ್ಬಿತ್ತು.

ನಾ ಲೆನ್ಸ್ ಸ್ವಚ್ಛ ಮಾಡಿಸಿ, ಇನ್ನ ಮುಂದ ಬ್ಯಾಡಪ್ಪಾ ಅಂತ ಮ್ಯಾಲೆ ಒಂದು ಸಾದಾ ಗಾಜು ಹಾಕಿಸಿದೆ. ದೀಪಾವಳಿಗೆ ಐದು ಮಂದಿ ಬಾಗಿಲಿಗೆ ಬಂದು ನಿಂತ್ರು. "ತೋ ತೇಜ್ ವಾಲಾ ಫೋಟೋ ಕಾಢಾ ನಾ ತಾಈ," ಅಂದ್ರು, ಆ ಕಳಾ ಬರೋ ಫೋಟೋ ತಗಿ ಅಂತ. ಅಂಥಾದು ಈಗ ಬರೂದಿಲ್ಲ ಅಂತ ಹೇಳಲಿಕ್ಕೆ ಬಾಯಿ ತಗದೆ. ಅಷ್ಟರಾಗ ಅತ್ತಿಯವರು ಒಳಗಿಂದ ತುಪ್ಪದ ಬಟ್ಟಲಾ ಹಿಡಕೊಂಡು ಬಂದು ಕೂತ್ರು. "ಸಾಲಾಗಿ ಬರ್ರಿ. ಯಾರಿಗೆ ಎಷ್ಟು ಕಳಾ ಬೇಕು ಮೊದಲು ಹೇಳ್ರಿ."

ಸುರಂಗ

ಹಿಂಗ ಎಲ್ಲಾ ಗೆದ್ದೆ, ಆದ್ರ ಅಕ್ಕನ ಫೋಟೋ ಮಾತ್ರ ಆಗಲಿಲ್ಲ. ಒಂದು ದಿನ ಇಬ್ಬರು ರಜಾ, ಇನ್ನೊಂದು ದಿನ ಗಾಡಿ ಲೇಟು, ಮತ್ತೊಂದು ದಿನ ಗುಜರಾತಿಯೊಬ್ಬಾಕಿ ಹಲ್ಲು ತಗಿಸ್ಕೊಂಡು ಬಾಯಿ ಮುಚ್ಚಿ ಕೂತಿದ್ಲು. ನೋಡ್ ನೋಡೋದ್ರಾಗ ಮಾರ್ಚ್ ಕಡೇ ದಿನ ಬಂತು. ಅವತ್ತು ಹದಿನಾಲ್ಕೂ ಮಂದಿ ಹಾಜರು. ಅವತ್ತು ಆದ್ರ ಆತು, ಇಲ್ಲಂದ್ರ ಇಲ್ಲ. ಡೊಂಬಿವಲಿ ಬಿಟ್ರ ಠಾಣೆ ತನಕ ನನಗ ಸಿಗೋದು ಹದಿನೈದು ಹದಿನಾರು ನಿಮಿಷ.

ನಾ ರಾತ್ರಿ ಎಲ್ಲಾ ಕೂತು ನಕ್ಷೆ ಹಾಕಿದ್ದೆ. ಬೆಂಚಿನ ತಲಿಮ್ಯಾಲೆ ಸಾಮಾನು ಇಡೋ ಕಟ್ಟಿ ಇರ್ತದಲ್ಲ, ಕ್ಯಾಮೆರಾ ಅದರ ಮ್ಯಾಲೆ ಇಡೋದು. ಅದರ ಬುಡಕ್ಕ ನನ್ನ ಶೇಂಗಾ ಚಟ್ನಿ ಡಬ್ಬಿ, ಗಾಡಿ ಅಲುಗಾಡಿದ್ರ ತಾಗಬಾರದು ಅಂತ ಅದರ ಮ್ಯಾಲೆ ಮಡಚಿದ ಶಾಲು. ಬ್ಯಾಡಂದ್ರೂ ಶಾಲು ತಂದಿದ್ವಿ. ಎಲ್ಲಾರೂ ಎದುರಿನ ಬೆಂಚಿಗೆ, ಆರು ಮಂದಿ ಕೂತು ಉಳದವರು ನಿಂತು. ಅಕ್ಕ ನಡುವ, ಅಕ್ಕನ ಮಗ್ಗಲಿಗೆ ನನ್ನ ಜಾಗಾ ಖಾಲಿ. ಅಂಚಿಗೆ ಇಬ್ಬರು ಸಣಕಲರು. ಆ ಸಣಕಲರ ಹೆಸರು ನಾ ಹಿಂದಿನ ವಾರನs ಆರಿಸಿಟ್ಟಿದ್ದೆ, ಯಾಕ ಅಂತ ಮಾತ್ರ ಹೇಳಿದ್ದಿಲ್ಲ. ಇಷ್ಟು ದಿನ ಅಕ್ಕನ ಕಾಯಿದೆ ನಡೀತು, ಅವತ್ತು ನನ್ನ ಕಾಯಿದೆ.

ಟೈಮರ್ ಹಚ್ಚಿ ಮೊದಲ ಸಲ ಒತ್ತಿದೆ. ಎಲ್ಲಾರೂ ಬಂದ್ರು, ಒಬ್ಬರ ಮಾರೀನೂ ಕಾಣಲಿಲ್ಲ. ಕಿಟಕಿ ಹೊರಗ ಮಾರ್ಚಿನ ಬಿಸಿಲು ಭುಗಿಲ್ ಅಂತಿತ್ತು, ಅದರ ಮುಂದ ಇವರೆಲ್ಲಾ ಇದ್ದಿಲಾಗಿದ್ರು. ಎರಡನೇ ಸಲನೂ ಹಂಗs. ಮೂರನೇ ಸಲ ಕಿಟಕಿ ಇಳಿಸ್ರಿ ಅಂದೆ, ಒಂದು ಕಿಟಕಿ ತುಕ್ಕು ಹಿಡದು ಕೂತಿತ್ತು. ದಿವಾ ಹಿಂದ ಹೋತು.

ಅಕ್ಕ ಕೂತಲ್ಲಿಂದನ ಮೆಲ್ಲಗ ಅಂದ್ರು, "ಬಿಡು ಮಾರಾಯ್ತಿ. ಕಿವಿ ಉಂಟಲ್ಲ, ಅದೇ ಸಾಕು."

ಆ ಮಾತು ಕೇಳಿ ನನಗ ಅಳು ಬಂತು. ವರ್ಷಗಟ್ಟಲೆ ನನಗ ಸೀಟು ಕೊಡಿಸಿದಾಕಿ, ಒಂದು ಫೋಟೋ ಕೇಳಿದ್ಲು, ನಾ ಆಕಿಗೆ ಒಂದು ಕಿವಿ ಕೊಟ್ಟು ಕಳಸೋದೇನು? ಸಿಟ್ಟಿಲೆ ಕಿಟಕಿ ಕಡೆ ನೋಡಿದೆ. ಮುಂಬ್ರಾದ ಗುಡ್ಡ ಕಂಡ್ತು. ಗುಡ್ಡದ ಹೊಟ್ಟ್ಯಾಗ ಸುರಂಗ ಅದ, ದಿನಾ ಅದರಾಗs ಹೋಗ್ತೀವಿ. ಸುರಂಗದಾಗ ಹೊರಗ ಕತ್ತಲಿ, ಒಳಗ ಟ್ಯೂಬ್‌ಲೈಟು. ಎಷ್ಟು ಛಲೋ ಬೆಳಕು ಬೇಕೋ ಅಷ್ಟು ಛಲೋ ಬೆಳಕು, ಪೂರಾ ಒಂದು ನಿಮಿಷ.

"ಯಾರೂ ಹಂದಬ್ಯಾಡ್ರಿ, ಕೋಯಿ ಹಿಲನಾ ಮತ್," ಅಂತ ಕೂಗಿ ಬೆಂಚು ಏರಿ ನಿಂತೆ. ಗಾಡಿ ಸುರಂಗದಾಗ ಹೊಕ್ಕ ತಕ್ಷಣ ಗುಂಡಿ ಒತ್ತಿದೆ. ಹತ್ತು ಸೆಕೆಂಡು. ಸುರಂಗದಾಗ ಗಾಡಿ ಸಪ್ಪಳಕ್ಕ ಯಾರ ಮಾತೂ ಯಾರಿಗೂ ಕೇಳೂದಿಲ್ಲ. ನಾ ಎಣಿಸೋದು ಒಬ್ಬರಿಗೂ ಕೇಳಲಿಲ್ಲ, ಅದಕ್ಕ ಒಬ್ಬರೂ ಫೋಟೋದ ಮಾರಿ ಮಾಡಲಿಲ್ಲ. ನಾ ಬೆಂಚಿನಿಂದ ಜಿಗದು ಅಕ್ಕನ ಮಗ್ಗಲಿನ ಜಾಗಾಕ್ಕ ಓಡಬೇಕಿತ್ತು. ಓಡೋದು ಎಲ್ಲಿಂದ ಬಂತು? ಎರಡು ಹೆಜ್ಜಿ ಇಡೋದ್ರಾಗ ಸಿಂಧಿಯಾಕಿ ಪರ್ಸಿನ ಪಟ್ಟಿಗೆ ನನ್ನ ಕೈ ಸಿಕ್ಕೊಂತು. ಜಗ್ಗಿದೆ, ಆಕಿ ತಿರುಗಿ ಜಗ್ಗಿದ್ಲು. ಅಕ್ಕ ಅದನ್ನ ನೋಡಿ ಬಾಯಿ ತುಂಬ ನಗಲಿಕ್ಕೆ ಸುರು ಮಾಡಿದ್ರು. ಅಕ್ಕ ನಕ್ಕದ್ದು ನೋಡಿ ಎಲ್ಲಾರೂ ನಕ್ರು. ಟಪ್ಪಂತ ಬಡೀತು ಕ್ಯಾಮೆರಾ.

ಸುರಂಗ ದಾಟಿ ಬೆಳಕಿಗೆ ಬಂದ ಮ್ಯಾಲೆ ನೋಡಿದ್ವಿ. ಹದಿನಾಲ್ಕೂ ಮಂದಿ. ನಡುವ ಅಕ್ಕ, ತಲ್ಯಾಗ ಮಲ್ಲಿಗಿ, ಉಡ್ಯಾಗ ನಾವು ತುಂಬಿದ್ದ ತೆಂಗಿನಕಾಯಿ, ಬಾಯಿ ತುಂಬ ನಗು. ಒಬ್ಬರ ಕಣ್ಣೂ ಮುಚ್ಚಿಲ್ಲ, ಒಬ್ಬರ ಕಿವೀನೂ ಕಡದಿಲ್ಲ. ಕ್ಯಾಮೆರಾ ಕೈಯಿಂದ ಕೈಗೆ ಇಡೀ ಡಬ್ಬಿ ಸುತ್ತಿ ಬಂತು, ಗುರುತಿಲ್ಲದವರು ಸುದ್ದಾ ಚಪ್ಪಾಳಿ ಹೊಡದ್ರು. ಅಕ್ಕ ಚಟ್ನಿ ಡಬ್ಬಿ ಮ್ಯಾಲಿಂದ ಆ ಶಾಲನ್ನ ತಾವs ಎಳಕೊಂಡು ಹೊದ್ದುಕೊಂಡ್ರು. ಠಾಣೆದಾಗ ಇಳಿಯೋ ಮುಂದ ನನ್ನ ಗಲ್ಲಾ ಹಿಂಡಿ, "ಗೆದ್ದೆ ಮಾರಾಯ್ತಿ ನೀನು," ಅಂದ್ರು. ಆವಾಗ ಇಬ್ಬರೂ ಅತ್ವಿ.

ಒಂದ ಒಂದು ಐಬು ಉಳದಿತ್ತು. ಸಣಕಲರನ್ನೂ ದಾಟಿ, ಕಟ್ಟಕಡೇ ಅಂಚಿನಾಗ, ಕ್ಯಾಮೆರಾಕ್ಕ ಎಲ್ಲಾರಕಿಂತ ಹತ್ರ ನಿಂತಾಕಿ ನಾನು. ಲೆನ್ಸು ತನ್ನ ಕೆಲಸಾ ಮಾಡಿತ್ತು. ನನ್ನ ಒಂದು ತೋಳಿನಾಗ ಆ ಸಣಕಲರು ಇಬ್ಬರೂ ಕೂಡ್ತಿದ್ರು. ಮನಿಯವರು ಫೋಟೋ ನೋಡಿ, ಸ್ಟೂಲ್ ಹಾಕ್ಕೊಂಡು ಝೂಮನ್ನ ಅಟ್ಟದ ಮ್ಯಾಲೆ ಇಟ್ರು. ಕೆಳಗ ಇಳದ ಮ್ಯಾಲೆ ಅಂದ್ರು, "ಹದಿನಾಲ್ಕು ಅಂದಿದ್ದಿ. ಇಲ್ಲೆ ನಿನ್ನ ಒಬ್ಬಾಕೀನ ಮೂರು ಮಂದಿ ಅಂತ ಹಿಡದ್ರ ಹದಿನಾರು ಆಗ್ತಾರಲ್ಲ."

ದೊಡ್ಡದು ಪ್ರಿಂಟ್ ಮಾಡಿಸಿ, ಕಟ್ಟು ಹಾಕಿಸಿ, ಐತವಾರ ಕಲ್ಯಾಣಕ್ಕ ಅಕ್ಕನ ಮನಿಗೆ ಒಯ್ದೆ. ಅಕ್ಕ ಎರಡು ಗಡಿಯಾರ ಇಳಿಸಿ ಆ ಜಾಗಾಕ್ಕ ಫೋಟೋ ತೂಗುಹಾಕಿದ್ರು. ಗೋಳಿಬಜೆ ಕರದಿದ್ರು. ಐದು ವರ್ಷದ ಮೊಮ್ಮಗಳು ಕುರ್ಚಿ ಏರಿ ನಿಂತು ಬಟ್ಟು ಹಚ್ಚಿ ಒಬ್ಬೊಬ್ಬರನ್ನ ಕೇಳ್ತು. ಅದು ಇಲ್ಲೇ ಹುಟ್ಟಿದ ಕೂಸು, ಕನ್ನಡ ತಿಳೀತದ, ಮಾತು ಹಿಂದಿ.

ಅಕ್ಕ ಹೇಳಿದ್ದೇ ಹೇಳಿದ್ದು. ಇವಳ ಮದುವೆ ನಾನೇ ಕುದುರಿಸಿದ್ದು. ಇವಳು ಬಸುರಿ ಆಗಿದ್ದಾಗ ನಾವು ಡಬ್ಬದಲ್ಲೇ ಹಸಿರು ಬಳೆ ತೊಡಿಸಿ ಸೀಮಂತ ಮಾಡಿದ್ದು. ಇವಳ ಮೊಣಕಾಲು ನೋವು ಸುಳ್ಳು. ಕೂಸು ಪ್ರತಿಯೊಂದಕ್ಕೂ ಖರೆ ಏನು ಅಂತ "ಸಚ್ಚೀ?" ಅನ್ನೋದು, ಅಕ್ಕ "ಸಚ್ಚೀ," ಅನ್ನೋದು. ಹದಿಮೂರೂ ಮಂದಿ ಮುಗೀತು. ಕೂಸು ಅಜ್ಜಿ ಕಡೆ ಹೊಸಾ ಮಾರಿ ನೋಡೋಹಾಂಗ ನೋಡ್ತು. ಕಡೀಕ ಅಂಚಿಗೆ ಬಟ್ಟು ಇಟ್ಟು, "ಔರ್ ಯೇ ಬಡೀ ಆಂಟೀ ಕೌನ್?" ಅಂತು, ಈ ದಪ್ಪ ಆಂಟಿ ಯಾರಂತ.

"ಇವಳೇ ಫೋಟೋ ತೆಗೆದವಳು. ಅಲ್ಲಿ ಕೂತಿದ್ದಾಳಲ್ಲ, ಅವಳೇ," ಅಂದ್ರು ಅಕ್ಕ.

ಕೂಸು ಫೋಟೋ ನೋಡ್ತು, ನನ್ನ ನೋಡ್ತು. ಕುರ್ಚಿಯಿಂದ ಇಳದು ಬಂದು ಎರಡೂ ಕೈಲೆ ನನ್ನ ತೋಳು ಅಳತಿ ಮಾಡ್ತು. ಹೊಳ್ಳಿ ಹೋಗಿ ಅಷ್ಟs ಅಗಲ ಕೈ ಫೋಟೋಕ್ಕ ಹಿಡದು ನೋಡಿ ತಲಿ ಅಲ್ಲಾಡಿಸ್ತು. "ನಹೀ ಅಜ್ಜೀ. ಬಾಕೀ ಸಬ್ ಸಚ್ಚೀ. ಯೇ ವಾಲೀ ಝೂಠ್." ಉಳದವರೆಲ್ಲಾ ಖರೆ, ನಾ ಒಬ್ಬಾಕಿ ಸುಳ್ಳು.

ಅಕ್ಕ ನಗಲಿಕ್ಕೆ ಸುರು ಮಾಡಿದವರು ನಿಲ್ಲಿಸಲಿಲ್ಲ. ನಾ ನನ್ನ ತಾಟು ಮುಂದ ಚಾಚಿದೆ.

"ಇನ್ನ ಹತ್ತು ಗೋಳಿಬಜೆ ಹಾಕ್ರಿ ಅಕ್ಕಾ. ಆಕಿ ನಾನs ಅಂತ ಈ ಹುಡುಗಿ ನಂಬೋತನಕ ತಿಂದs ಹೋಗ್ತೀನಿ."